ಗುವಾಂಗ್‌ಝೌನಲ್ಲಿ ಮನೆ ಅಡುಗೆ: ಹೊಸದಾಗಿ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನವಳು. ದಕ್ಷಿಣ ಚೀನಾದ ಗುವಾಂಗ್‌ಝೌಗೆ ಬಂದು ಏಳು ವರ್ಷ ಆಯಿತು. ನಾನು ಸಸ್ಯಾಹಾರಿ. ನಮ್ಮ ಮನೆಯವರು ಕರಾವಳಿ ಕಡೆಯವರು, ಮೀನು ಇಲ್ಲದೆ ಅವರಿಗೆ ಊಟ ಸೇರುವುದಿಲ್ಲ. ಹಾಗಾಗಿ ಎರಡೂ ಥರದ ಅಡುಗೆ ಈ ಒಂದೇ ಚಿಕ್ಕ ಅಡುಗೆಮನೆಯಲ್ಲಿ ನಡೆಯುತ್ತದೆ. ಕೆಲಸಕ್ಕೋ ಓದೋದಕ್ಕೋ ಇಲ್ಲಿಗೆ ಬರುವ ನಮ್ಮವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಚೀನೀ ಹೆಸರುಗಳನ್ನು ಕಿವಿಗೆ ಕೇಳಿಸುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಉಚ್ಚಾರ ನೂರಕ್ಕೆ ನೂರು ಸರಿ ಇರಬೇಕಾಗಿಲ್ಲ. ಫೋನಿನಲ್ಲಿ ಆ ಪದಾರ್ಥದ ಫೋಟೋ ಇಟ್ಟುಕೊಳ್ಳಿ, ಕೆಲಸ ಆಗುತ್ತದೆ.

ಊರಿಂದ ಏನೇನು ತರಬೇಕು?

ಎಲ್ಲರ ಮೊದಲ ಪ್ರಶ್ನೆ ಇದೇ. ಮೊದಲ ಸಲ ಬಂದಾಗ ನಾನು ಒಂದು ಸೂಟ್‌ಕೇಸ್ ಪೂರ್ತಿ ಅಡುಗೆ ಸಾಮಾನೇ ತುಂಬಿಕೊಂಡು ಬಂದಿದ್ದೆ. ಕಡಲೆಕಾಯಿ ಬೀಜ, ಬಿಳಿ ಎಳ್ಳು, ಕೊತ್ತಂಬರಿ ಬೀಜ, ಹೆಸರುಕಾಳು ಎಲ್ಲ. ವಾರ ಕಳೆದು ಮಾರುಕಟ್ಟೆಗೆ ಹೋಗಿ ನೋಡಿದರೆ ಅದೆಲ್ಲ ಅಲ್ಲೇ ಗುಡ್ಡೆ ಗುಡ್ಡೆ ಇತ್ತು!

ನಿಜವಾಗಿ ತರಬೇಕಾದದ್ದು ತುಂಬಾ ಕಮ್ಮಿ. ಮನೆಯಲ್ಲಿ ಮಾಡಿದ ಸಾರಿನ ಪುಡಿ, ಹುಳಿ ಪುಡಿ, ಇಂಗು, ನೆರಳಲ್ಲಿ ಒಣಗಿಸಿದ ಕರಿಬೇವಿನ ಪುಡಿ. ಒಂದು ಸಣ್ಣ ಮಿಕ್ಸಿ, ಇಡ್ಲಿ ತಟ್ಟೆ, ಕಾಫಿ ಫಿಲ್ಟರ್. ಇಷ್ಟು ಸಾಕು. ಉಳಿದ ಜಾಗದಲ್ಲಿ ಬಟ್ಟೆ ತನ್ನಿ.

ತರುವ ಸಾಮಾನಿನ ಪಟ್ಟಿ ಬರೆಯುವ ಬದಲು ಇಲ್ಲಿನ ಇಪ್ಪತ್ತು ಪದಾರ್ಥಗಳ ಹೆಸರು ಕಲಿಯಿರಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ನಮ್ಮ ಅಡುಗೆಗೆ ಬೇಕಾದದ್ದು ಬಹುಪಾಲು ಇಲ್ಲಿಯೇ ಇದೆ, ಹೆಸರು ಮಾತ್ರ ಬೇರೆ.

ಏನು ತರಬಾರದು?

ಹಸಿ ಕರಿಬೇವು, ತರಕಾರಿ, ಹಣ್ಣು, ಬಿತ್ತನೆ ಬೀಜ, ಮಾಂಸ, ಮೊಟ್ಟೆ ತರಬೇಡಿ. ಬೆಣ್ಣೆ, ಚೀಸ್ ಥರದ ಹಾಲಿನ ಪದಾರ್ಥವೂ ಬೇಡ. ಪ್ರಯಾಣಿಕರು ತರಬಾರದು ಅಂತ ಕಸ್ಟಮ್ಸ್ ಪಟ್ಟಿ ಮಾಡಿರುವ ಪದಾರ್ಥಗಳಿವು. ತಂದದ್ದು ಸಿಕ್ಕರೆ ಅಲ್ಲೇ ತೆಗೆದುಕೊಂಡುಬಿಡುತ್ತಾರೆ.

ಗಸಗಸೆಯನ್ನಂತೂ ತರಲೇಬೇಡಿ. ನಮಗೆ ಅದು ಪಾಯಸದ ಸಾಮಾನು, ಇಲ್ಲಿ ಅದು ಅಫೀಮಿನ ಗಿಡದ ಬೀಜ. ಆ ವಿಷಯದಲ್ಲಿ ಇಲ್ಲಿನ ಕಾನೂನು ಬಹಳ ಬಿಗಿ. ಮನೆಯವರು ಮಸಾಲೆ ಪುಡಿ ಕಟ್ಟಿಕೊಟ್ಟಿದ್ದರೆ ಅದರಲ್ಲಿ ಗಸಗಸೆ ಹಾಕಿದ್ದಾರಾ ಅಂತ ಒಂದು ಮಾತು ಕೇಳಿ. ಪೊಟ್ಟಣದ ಬಗ್ಗೆ ಅನುಮಾನ ಇದ್ದರೆ ವಿಮಾನ ನಿಲ್ದಾಣದಲ್ಲಿ ನೀವಾಗೇ ತೋರಿಸಿಬಿಡಿ.

ಬಾಡಿಗೆ ಮನೆಯ ಅಡುಗೆಮನೆ ಹೇಗಿರುತ್ತದೆ? ನಮ್ಮ ಮಿಕ್ಸಿ, ಕುಕ್ಕರ್ ನಡೆಯುತ್ತವಾ?

ಸಾಮಾನ್ಯವಾಗಿ ಉದ್ದಕ್ಕೆ, ಇಕ್ಕಟ್ಟಾಗಿರುತ್ತದೆ. ಎರಡು ಬರ್ನರಿನ ಗ್ಯಾಸ್ ಒಲೆ, ಮೇಲೆ ಹೊಗೆ ಎಳೆಯುವ ಚಿಮಣಿ. ಓವನ್ ಇರುವುದಿಲ್ಲ. ಒಲೆಯ ಉರಿ ನಮ್ಮದಕ್ಕಿಂತ ಜೋರು, ಯಾಕೆಂದರೆ ಇವರ ಅಡುಗೆಯೆಲ್ಲ ಬಾಣಲೆಯಲ್ಲಿ ಎರಡು ನಿಮಿಷದಲ್ಲಿ ಹುರಿದು ಇಳಿಸುವಂಥದ್ದು. ಆ ಉರಿಯಲ್ಲಿ ಸಾಸಿವೆ ಸಿಡಿಯುವ ಮೊದಲೇ ಎಣ್ಣೆ ಹೊಗೆಯಾಡುತ್ತದೆ. ಹಾಗಾಗಿ ಒಗ್ಗರಣೆಗೆ ಯಾವಾಗಲೂ ಸಣ್ಣ ಉರಿ.

ಇಲ್ಲಿನ ಕರೆಂಟ್ 220 ವೋಲ್ಟ್, 50 ಹರ್ಟ್ಸ್. ನಮ್ಮ ಮಿಕ್ಸಿ ಯಾವ ತೊಂದರೆಯೂ ಇಲ್ಲದೆ ಓಡುತ್ತದೆ. ಪಿನ್ ಮಾತ್ರ ಕೂರುವುದಿಲ್ಲ. ನಮ್ಮ ಗುಂಡು ಪಿನ್ನಿಗೆ ಒಂದು ಗಟ್ಟಿ ಅಡಾಪ್ಟರ್ ಬೇಕು. ತೀರಾ ಅಗ್ಗದ್ದನ್ನು ಕೊಳ್ಳಬೇಡಿ, ಮಿಕ್ಸಿಯ ಭಾರಕ್ಕೆ ಬಿಸಿಯಾಗುತ್ತದೆ. ಕುಕ್ಕರ್ ಹೊತ್ತು ತರುವುದು ಬೇಡ. ಇಲ್ಲಿ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಎಲ್ಲ ಕಡೆ ಸಿಗುತ್ತದೆ. ಸೀಟಿ ಹೊಡೆಯುವುದಿಲ್ಲ, ಆದರೆ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ.

ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿಗಳು ಮೊದಲು ನಿಯಮ ಕೇಳಿಕೊಳ್ಳಿ. ತುಂಬಾ ಕಡೆ ಕೋಣೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ.

ತರಕಾರಿ ಎಲ್ಲಿ ಕೊಳ್ಳುವುದು?

ಆ್ಯಪ್‌ನಲ್ಲಿ ಸಿಗುತ್ತದೆ. ಹಮಾ ಥರದ ಅಂಗಡಿಗಳು ಹತ್ತಿರ ಇದ್ದರೆ ಅರ್ಧ ಗಂಟೆಯಲ್ಲಿ ಮನೆ ಬಾಗಿಲಿಗೇ ತಂದುಕೊಡುತ್ತವೆ. ಕೆಲಸಕ್ಕೆ ಹೋಗುವವರಿಗೆ ಅದು ಅನುಕೂಲ. ಆದರೂ ವಾರಕ್ಕೆ ಒಂದು ಸಲವಾದರೂ ‘ತ್ಸೈ ಶಿ ಛಾಂಗ್’ಗೆ, ಅಂದರೆ ಬಡಾವಣೆಯ ತರಕಾರಿ ಮಾರುಕಟ್ಟೆಗೆ ಹೋಗಿ. ಬೆಳಿಗ್ಗೆ ಎಂಟರೊಳಗೆ ಹೋದರೆ ಸೊಪ್ಪು ಇನ್ನೂ ಒದ್ದೆ ಒದ್ದೆಯಾಗಿರುತ್ತದೆ.

ನಮ್ಮ ಮನೆ ಹತ್ತಿರದ ಮಾರುಕಟ್ಟೆಯಲ್ಲಿ ಮೂಲೆಯ ಅಂಗಡಿಯಾಕೆ ನಾನು ಹೋದ ಕೂಡಲೇ ‘ಲೆಂಗ್ ನ್ಯೂ’ ಅಂತ ಕೂಗುತ್ತಾಳೆ. ಅಂದರೆ ಚೆಲುವೆ. ಇಲ್ಲಿ ಗಿರಾಕಿ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಗಂಡಸರಾದರೆ ‘ಲೆಂಗ್ ಝೈ’. ಆಕೆಯ ಹಲಗೆಯ ಮೇಲೆ ದಂಟಿನ ಸೊಪ್ಪಿದೆ, ಹೆಸರು ‘ಶ್ಯೆನ್ ತ್ಸೈ’. ಕೆಂಪು ದಂಟು, ಹಸಿರು ದಂಟು ಎರಡೂ ಇರುತ್ತವೆ. ಕೆಂಪು ದಂಟಿನ ಸಾರು ಅನ್ನಕ್ಕೆ ಸುರಿದರೆ ಅನ್ನ ಗುಲಾಬಿಯಾಗುವುದು ಇಲ್ಲೂ ಅದೇ ಥರ. ಪಕ್ಕದಲ್ಲಿ ಬೂದುಗುಂಬಳ, ಹಾಗಲ, ಹೀರೆ, ಸೀಮೆಬದನೆ, ಮೂಲಂಗಿ, ಕೆಸವಿನ ಗೆಡ್ಡೆ, ಮಾರುದ್ದದ ಅಲಸಂದೆ ಕಾಯಿ. ಬೂದುಗುಂಬಳ ಇಡೀ ಕೊಳ್ಳಬೇಕಾಗಿಲ್ಲ. ಕೈಯಲ್ಲಿ ಅಳತೆ ತೋರಿಸಿದರೆ ಅಷ್ಟೇ ದಪ್ಪದ ಬಿಲ್ಲೆ ಕೊಯ್ದು ಕೊಡುತ್ತಾರೆ. ಮಜ್ಜಿಗೆ ಹುಳಿಗೆ ಅದೇ ಸಾಕು.

ನುಗ್ಗೆಕಾಯಿ ಅಪರೂಪ. ಅವರೆಕಾಳಿನ ಕಾಲಕ್ಕೆ ಹಿತಕಿದ ಅವರೆ ನೆನಪಾಗುತ್ತದೆ. ಅದೊಂದು ಮಾತ್ರ ಏಳು ವರ್ಷದಲ್ಲಿ ನನಗೆ ಇಲ್ಲಿ ಸಿಕ್ಕಿಲ್ಲ.

ಕೊಳ್ಳುವುದೆಲ್ಲ ಮುಗಿದ ಮೇಲೆ ಆಕೆ ಒಂದು ಹಿಡಿ ಈರುಳ್ಳಿ ಸೊಪ್ಪೋ ನಾಲ್ಕು ಎಳೆ ಕೊತ್ತಂಬರಿಯೋ ಸುಮ್ನೆ ಚೀಲಕ್ಕೆ ಹಾಕುತ್ತಾಳೆ. ಅದಕ್ಕೆ ದುಡ್ಡಿಲ್ಲ. ನಮ್ಮೂರ ಸಂತೆಯಲ್ಲಿ ಕೊಸರು ಕೊಡುತ್ತಾರಲ್ಲ, ಅದೇ ಇದು.

ಭಾಷೆ ಬರುವುದಿಲ್ಲ. ಲೆಕ್ಕ ಹೇಗೆ?

ಮೊದಲು ತಿಳಿದಿರಬೇಕಾದದ್ದು ‘ಜಿನ್’. ಒಂದು ಜಿನ್ ಅಂದರೆ 500 ಗ್ರಾಂ. ಬೋರ್ಡಿನ ಮೇಲಿನ ಬೆಲೆ ಕಿಲೋಗೆ ಅಲ್ಲ, ಜಿನ್‌ಗೆ. 6 ಅಂತ ಬರೆದಿದ್ದರೆ ಕಿಲೋಗೆ 12 ಯುವಾನ್. ಇದಕ್ಕಿಂತ ಚಿಕ್ಕ ಅಳತೆ ‘ಲ್ಯಾಂಗ್’, 50 ಗ್ರಾಂ. ಶುಂಠಿ, ಮೆಣಸಿನಕಾಯಿಗೆ ಅದು.

ಇಲ್ಲಿ ಎಲ್ಲರೂ ಎಡವುವುದು ನಾಲ್ಕು ಮತ್ತು ಹತ್ತರಲ್ಲಿ. ನಾಲ್ಕಕ್ಕೆ ‘ಸ’, ಹತ್ತಕ್ಕೆ ‘ಶ’. ದಕ್ಷಿಣದವರ ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ಅವರೇ ಬೆರಳು ತೋರಿಸುತ್ತಾರೆ. ಐದರ ತನಕ ನಮ್ಮ ಹಾಗೆಯೇ. ಆರಕ್ಕೆ ಹೆಬ್ಬೆರಳು, ಕಿರುಬೆರಳು ಮಾತ್ರ ಚಾಚುತ್ತಾರೆ. ಎಂಟಕ್ಕೆ ಹೆಬ್ಬೆರಳು ಮತ್ತು ತೋರುಬೆರಳು. ಹತ್ತಕ್ಕೆ ಎರಡು ತೋರುಬೆರಳು ಅಡ್ಡಡ್ಡ ಇಡುತ್ತಾರೆ. ಒಂದು ಸಂಜೆ ಕೂತು ಇದನ್ನು ಕಲಿತರೆ ಅರ್ಧ ಭಯ ಹೋಗುತ್ತದೆ.

ದುಡ್ಡು ಕೊಡುವುದೆಲ್ಲ ಫೋನಿನಲ್ಲಿ. ವೀಚಾಟ್ ಅಥವಾ ಅಲಿಪೇ. ಈಗ ವಿದೇಶಿ ಕಾರ್ಡನ್ನೂ ಅವಕ್ಕೆ ಜೋಡಿಸಬಹುದು. ಬರುವ ಮೊದಲೇ ಮಾಡಿಟ್ಟುಕೊಳ್ಳಿ.

ಯಾವ ಅಕ್ಕಿ ತರಬೇಕು? ತಂದದ್ದೆಲ್ಲ ಮುದ್ದೆಯಾಗುತ್ತಿದೆ.

ನೀವು ಈಶಾನ್ಯ ಚೀನಾದ ಗಿಡ್ಡ ಅಕ್ಕಿ ತಂದಿದ್ದೀರಿ. ಕಾಳು ದುಂಡಗೆ, ಹೊಳಪಾಗಿ ಇರುತ್ತದೆ, ಬೆಂದ ಮೇಲೆ ಒಂದಕ್ಕೊಂದು ಅಂಟುತ್ತದೆ. ಚಾಪ್‌ಸ್ಟಿಕ್‌ನಲ್ಲಿ ತಿನ್ನುವವರಿಗೆ ಅದೇ ಬೇಕು. ಅದರ ರುಚಿ ಚೆನ್ನಾಗಿದೆ, ಮೊಸರನ್ನಕ್ಕೆ, ಪೊಂಗಲ್‌ಗೆ ಸೊಗಸಾಗಿ ಹೊಂದುತ್ತದೆ. ಚಿತ್ರಾನ್ನಕ್ಕೆ ಆಗುವುದಿಲ್ಲ.

ಗುವಾಂಗ್‌ಡಾಂಗ್ ಪ್ರಾಂತ್ಯದ್ದೇ ಆದ ‘ಸ ಮ್ಯಾವ್ ಮಿ’ ಕೇಳಿ. ಕಾಳು ಸಣ್ಣ, ಉದ್ದ. ಅನ್ನ ಉದುರುದುರಾಗಿ ಬರುತ್ತದೆ. ನಮ್ಮ ಸೋನಾ ಮಸೂರಿಗೆ ನನಗೆ ಹತ್ತಿರ ಕಂಡದ್ದು ಇದೇ. ಪಲಾವ್‌ಗೆ ಥಾಯ್ ಅಕ್ಕಿಯೂ ನಡೆಯುತ್ತದೆ.

ಅಕ್ಕಿ ರೊಟ್ಟಿ ತಟ್ಟಿದರೆ ಕೈಗೆ ಅಂಟು ಹಿಡಿಯುತ್ತದೆ. ಯಾಕೆ?

ಅಕ್ಕಿ ಹಿಟ್ಟಿನ ಪೊಟ್ಟಣ ಬದಲಾಗಿದೆ. ನನಗೂ ಹೀಗೇ ಆಗಿತ್ತು. ಬಂದ ಎರಡನೇ ವಾರ. ಸಬ್ಬಸಿಗೆ ಸೊಪ್ಪು ಸಿಗಲಿಲ್ಲ ಅಂತ ಕೊತ್ತಂಬರಿ ಹೆಚ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಎಲ್ಲ ಹಾಕಿ ಹಿಟ್ಟು ಕಲಸಿದೆ. ಬಾಣಲೆಗೆ ತಟ್ಟುತ್ತಿದ್ದಂತೆ ಬೆರಳಿನ ಜೊತೆಗೇ ಎದ್ದು ಬಂತು. ಬೆಂದ ಮೇಲೆ ಗೋಂದಿನ ಹಾಗೆ ಎಳೆ ಎಳೆ. ಅವತ್ತು ಅಮ್ಮನ ನೆನಪಾಗಿ ಅಲ್ಲೇ ನಿಂತು ಅತ್ತುಬಿಟ್ಟಿದ್ದೆ.

ಇಲ್ಲಿ ಎರಡು ಹಿಟ್ಟುಗಳಿವೆ. ‘ನ್ವೊ ಮಿ ಫನ್’ ಅಂದರೆ ಅಂಟಕ್ಕಿಯ ಹಿಟ್ಟು. ಹಬ್ಬದ ಸಿಹಿ ಉಂಡೆಗಳಿಗೆ ಅದು. ‘ಜಾನ್ ಮಿ ಫನ್’ ಅಂದರೆ ಮಾಮೂಲಿ ಅಕ್ಕಿ ಹಿಟ್ಟು. ನಮಗೆ ಬೇಕಾದದ್ದು ಇದು. ಗೊಂದಲ ಎಲ್ಲಿ ಅಂದರೆ, ‘ಜಾನ್’ ಅಂತ ಬರೆಯುವ ಅಕ್ಷರಕ್ಕೇ ಅಂಟು ಅನ್ನುವ ಅರ್ಥವೂ ಇದೆ. ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ ಅಂಟು ಹಿಟ್ಟು ಅಂತ ತಪ್ಪಾಗಿ ತೋರಿಸಬಹುದು. ಎರಡೂ ಪೊಟ್ಟಣ ಅಕ್ಕಪಕ್ಕದಲ್ಲೇ, ಒಂದೇ ಕಂಪನಿಯದ್ದೇ ಇರುತ್ತವೆ. ಸರಿಯಾದದ್ದು ಸಿಕ್ಕ ದಿನ ಪೊಟ್ಟಣದ ಫೋಟೋ ತೆಗೆದಿಟ್ಟುಕೊಳ್ಳಿ. ನೀರು ಕುದಿಸಿ ಹಿಟ್ಟು ಕಲಸಿದರೆ ರೊಟ್ಟಿ, ಕಡುಬು, ಮೋದಕ ಎಲ್ಲ ಅದರಲ್ಲೇ ಚೆನ್ನಾಗಿ ಬರುತ್ತವೆ.

ಬೇಳೆಗಳು ಸಿಗುತ್ತವಾ?

ತೊಗರಿಬೇಳೆ, ಉದ್ದಿನಬೇಳೆ ಇಲ್ಲಿನ ಮಾರುಕಟ್ಟೆಯಲ್ಲಿ ಇಲ್ಲ. ಭಾರತೀಯ ಅಂಗಡಿಯಿಂದ ಇಲ್ಲವೇ ಟಾವ್‌ಬಾವ್ ಅನ್ನುವ ಆನ್‌ಲೈನ್ ಅಂಗಡಿಯಿಂದ ತರಿಸಬೇಕು. ಬೆಲೆ ಜಾಸ್ತಿ.

ಆದರೆ ಹೆಸರುಕಾಳು, ‘ಲ್ಯೂ ದೋ’, ಎಲ್ಲ ಕಡೆ ಇದೆ. ಸಿಪ್ಪೆ ತೆಗೆದ ಹೆಸರುಬೇಳೆಯೂ ಸಿಗುತ್ತದೆ. ಚಾಂದ್ರಮಾನ ಐದನೇ ತಿಂಗಳ ಐದನೇ ದಿನ ಇವರಿಗೆ ಡ್ರ್ಯಾಗನ್ ದೋಣಿ ಹಬ್ಬ. ಆಗ ಅಂಟಕ್ಕಿಯ ಒಳಗೆ ಹೂರಣ ಇಟ್ಟು, ಎಲೆಯಲ್ಲಿ ಸುತ್ತಿ ಬೇಯಿಸುವ ‘ಜೊಂಗ್ ತ್ಸ’ ಮಾಡುತ್ತಾರೆ. ಈ ಕಡೆಯವರು ಅದಕ್ಕೆ ಹೆಸರುಬೇಳೆ ಹಾಕುತ್ತಾರೆ. ಹಾಗಾಗಿ ಹಬ್ಬದ ಮುಂಚೆ ಅಂಗಡಿ ತುಂಬ ಹೆಸರುಬೇಳೆ. ನಾನು ವರ್ಷಕ್ಕೆ ಆಗುವಷ್ಟು ಆಗಲೇ ಕೊಂಡು ಫ್ರಿಜ್‌ನಲ್ಲಿ ಇಟ್ಟುಬಿಡುತ್ತೇನೆ. ನಮ್ಮ ಮನೆಯ ದಿನನಿತ್ಯದ ಸಾರು ಈಗ ಹೆಸರುಬೇಳೆಯದ್ದೇ.

ಅಲಸಂದೆ ಕಾಳಿಗೆ ‘ಮೇ ದೋ’. ಕಾಬೂಲಿ ಕಡಲೆಗೆ ‘ಯಿಂಗ್ ತ್ಸ್ವೇ ದೋ’, ಅಂದರೆ ಹದ್ದಿನ ಕೊಕ್ಕಿನ ಕಾಳು. ಒಂದು ಕಡಲೆ ಕೈಯಲ್ಲಿ ಹಿಡಿದು ನೋಡಿ, ಆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ.

ಮುದ್ದೆ, ರೊಟ್ಟಿ ಇಲ್ಲದೆ ಇರೋಕಾಗಲ್ಲ. ಏನು ಮಾಡಲಿ?

ರಾಗಿ ಇಲ್ಲಿನ ಅಂಗಡಿಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಜೋಳ ಇದೆ. ಇದರ ಹೆಸರು ‘ಗಾವ್ ಲ್ಯಾಂಗ್’. ಇವರು ಹೆಚ್ಚಾಗಿ ಅದರಿಂದ ‘ಬೈ ಜ್ಯೂ’ ಅನ್ನುವ ಮದ್ಯ ತೆಗೆಯುತ್ತಾರೆ, ಉತ್ತರದ ಶಾನ್‌ಶಿ ಕಡೆ ಹಿಟ್ಟು ಮಾಡಿ ತಿನ್ನುತ್ತಾರೆ. ಆ ಹಿಟ್ಟನ್ನು ಆನ್‌ಲೈನ್‌ನಲ್ಲಿ ತರಿಸಬಹುದು. ಬಣ್ಣ ಕೆಂಪಗೆ, ಕೊನೆಯಲ್ಲಿ ಸ್ವಲ್ಪ ಒಗರು. ನಮ್ಮ ಬಿಳಿಜೋಳದ ಹಾಗೆ ತೆಳ್ಳಗೆ ಬಡಿಯೋಕೆ ಬರುವುದಿಲ್ಲ, ದಪ್ಪಗೆ ಬರುತ್ತದೆ. ಎಣ್ಣೆಗಾಯಿ ಜೊತೆಗೆ ಬಿಸಿಬಿಸಿ ತಿಂದರೆ ಮನಸ್ಸು ತುಂಬುತ್ತದೆ.

ಇನ್ನು ನವಣೆ. ಇಲ್ಲಿ ‘ಶ್ಯಾವ್ ಮಿ’, ಪುಟ್ಟ ಅಕ್ಕಿ ಅಂತ ಅರ್ಥ. ಶಿಯೋಮಿ ಫೋನ್ ಕಂಪನಿಯ ಹೆಸರೂ ಇದೇ ಕಾಳಿನದ್ದು. ಉತ್ತರ ಚೀನಾದಲ್ಲಿ ಸಾವಿರಾರು ವರ್ಷದಿಂದ ನವಣೆ ಬೆಳೆಯುತ್ತಿದ್ದಾರೆ. ಬಾಣಂತಿಯರಿಗೆ, ಜ್ವರ ಬಂದವರಿಗೆ ನವಣೆ ಗಂಜಿಯನ್ನೇ ಕೊಡುವುದು. ನಮ್ಮಲ್ಲಿ ಈಗ ಸಿರಿಧಾನ್ಯ ಅಂತ ದುಬಾರಿ ಬೆಲೆಗೆ ಕೊಳ್ಳುತ್ತೇವೆ ಅಲ್ವಾ, ಇಲ್ಲಿ ಅದು ಎಲ್ಲ ದಿನಸಿ ಅಂಗಡಿಯ ಗೋಣಿಚೀಲದಲ್ಲಿದೆ. ನಾನು ನವಣೆ ಅನ್ನ, ನವಣೆ ಬಿಸಿಬೇಳೆಬಾತ್, ನವಣೆ ಪಾಯಸ ಎಲ್ಲ ಕಲಿತದ್ದು ಚೀನಾಕ್ಕೆ ಬಂದ ಮೇಲೆ.

ಮೊಸರು ಹೆಪ್ಪಾಗುತ್ತದಾ? ಅಂಗಡಿ ಮೊಸರು ಸಿಹಿಯಾಗಿದೆ.

ಅಂಗಡಿಯ ಬಹುಪಾಲು ಮೊಸರಿಗೆ ಸಕ್ಕರೆ ಹಾಕಿರುತ್ತಾರೆ. ಸಕ್ಕರೆ ಇಲ್ಲದ್ದು ಅಂತ ನೋಡಿ ಒಂದು ಡಬ್ಬಿ ತಂದು ಅದನ್ನೇ ಹೆಪ್ಪಿಗೆ ಇಟ್ಟುಕೊಳ್ಳಿ. ಮೊದಲ ಎರಡು ಸಲ ಹುಳಿ ಕಮ್ಮಿ ಇರುತ್ತದೆ, ಆಮೇಲೆ ನಮ್ಮ ಮೊಸರಿನ ಹದಕ್ಕೆ ಬರುತ್ತದೆ. ಹಾಲು ಆದಷ್ಟು ತಾಜಾ ತನ್ನಿ, ಫ್ರಿಜ್‌ನಲ್ಲಿ ಇಟ್ಟು ಮಾರುವಂಥದ್ದು.

ಗುವಾಂಗ್‌ಡಾಂಗ್‌ನವರಿಗೆ ಒಂದು ಭಾಗ್ಯ ಇದೆ, ಎಮ್ಮೆ ಹಾಲು. ‘ಶ್ವೇ ನ್ಯೂ ನೈ’ ಅಂತ ಕೇಳಿ. ಹತ್ತಿರದ ಶುಂಡೆ ಊರಿನ ಕೆನೆ ಕಟ್ಟಿದ ಸಿಹಿ ಇದರಿಂದಲೇ ಹೆಸರಾದದ್ದು. ಇದರ ಮೊಸರು ಚಮಚ ನಿಲ್ಲುವಷ್ಟು ಗಟ್ಟಿ.

ಎಮ್ಮೆ ಹಾಲು ತಂದ ದಿನ ‘ಜ್ಯಾಂಗ್ ಜ್ವಾಂಗ್ ನೈ’ ಕೂಡ ಮಾಡಿ ನೋಡಿ. ಶುಂಠಿ ತುರಿದು ರಸ ಹಿಂಡಿ ಬಟ್ಟಲಿಗೆ ಹಾಕಿ. ಹಾಲಿಗೆ ಸಕ್ಕರೆ ಹಾಕಿ ಬಿಸಿ ಮಾಡಿ, ಕುದಿಸಬೇಡಿ. 70 ಡಿಗ್ರಿ ಆಸುಪಾಸು ಇರುವಾಗ ಮೇಲಿನಿಂದ ಒಂದೇ ಸಲ ಬಟ್ಟಲಿಗೆ ಸುರಿಯಿರಿ. ಆಮೇಲೆ ಮುಟ್ಟಬೇಡಿ, ಅಲುಗಾಡಿಸಬೇಡಿ. ಹತ್ತು ನಿಮಿಷಕ್ಕೆ ಹಾಲು ಗಟ್ಟಿಯಾಗುತ್ತದೆ. ಶುಂಠಿಯಲ್ಲಿರುವ ಕಿಣ್ವದ ಕೆಲಸ ಅದು. ಹಾಲು ಜಾಸ್ತಿ ಕಾದರೆ ಕಿಣ್ವ ಸಾಯುತ್ತದೆ, ಹಾಲು ಹಾಲಾಗಿಯೇ ಉಳಿಯುತ್ತದೆ. ಮೊದಲ ಚಮಚ ಬಾಯಿಗಿಟ್ಟಾಗ ನನಗೆ ಗಿಣ್ಣು ನೆನಪಾಯಿತು.

ಒಗ್ಗರಣೆ ಸಾಮಾನು, ಎಣ್ಣೆ, ಹುಣಸೆ, ಬೆಲ್ಲ?

ಎಣ್ಣೆಯ ಚಿಂತೆ ಬಿಡಿ. ಗುವಾಂಗ್‌ಡಾಂಗ್‌ನಲ್ಲಿ ಮನೆ ಮನೆಯಲ್ಲೂ ಕಡಲೆಕಾಯಿ ಎಣ್ಣೆ, ‘ಹ್ವಾ ಶಂಗ್ ಯೋ’. ಡಬ್ಬಿ ಮುಚ್ಚಳ ತೆಗೆದರೆ ತುಮಕೂರಿನ ಗಾಣದ ವಾಸನೆ. ಆದರೆ ಎಳ್ಳೆಣ್ಣೆ ನೋಡಿ ಅಡುಗೆಗೆ ಸುರಿಯಬೇಡಿ. ಇಲ್ಲಿನದ್ದು ಹುರಿದ ಎಳ್ಳಿನ ಎಣ್ಣೆ. ಕೊನೆಯಲ್ಲಿ ಎರಡು ಹನಿ ವಾಸನೆಗೆ ಹಾಕುವಂಥದ್ದು, ಕಾಯಿಸಿದರೆ ಕಹಿ.

ಜೀರಿಗೆ ‘ತ್ಸ ರಾನ್’, ಶಿನ್‌ಜಿಯಾಂಗ್‌ನಿಂದ ಬರುತ್ತದೆ. ಅರಿಶಿನ ‘ಜ್ಯಾಂಗ್ ಹ್ವಾಂಗ್’. ಸಾಸಿವೆಯನ್ನು ಆನ್‌ಲೈನ್‌ನಲ್ಲಿ ತರಿಸಬೇಕು. ಹುಣಸೆ ‘ಸ್ವಾನ್ ಜ್ಯಾವ್’, ಯುನ್ನಾನ್ ಪ್ರಾಂತ್ಯದ್ದು. ಅದನ್ನು ಹಣ್ಣಿನ ಹಾಗೆ ತಿನ್ನುವುದರಿಂದ ಸಿಹಿ ಜಾತಿಯೂ ಮಾರುತ್ತಾರೆ, ಹುಳಿಯದ್ದು ಅಂತ ಕೇಳಿ ತನ್ನಿ. ಬೆಲ್ಲಕ್ಕೆ ‘ಪ್ಯೆನ್ ಥಾಂಗ್’, ಚಪ್ಪಟೆ ಪಟ್ಟಿಯ ಕಂದು ಸಕ್ಕರೆ. ಸಾರಿಗೆ, ಗೊಜ್ಜಿಗೆ ಚೆನ್ನಾಗಿ ಹೊಂದುತ್ತದೆ. ಸಂಕ್ರಾಂತಿಗೆ ನಾನು ಎಳ್ಳು ಬೀರುವುದು ಇದೇ ಪಟ್ಟಿಯನ್ನು ಅಡಕತ್ತರಿಯಲ್ಲಿ ಚೂರು ಮಾಡಿ. ತೆಂಗಿನಕಾಯಿ ಹೈನಾನ್ ದ್ವೀಪದಿಂದ ಬರುತ್ತದೆ. ಎಳನೀರು ಜಾಸ್ತಿ ಕಾಣುತ್ತದೆ. ಬಲಿತ ಕಾಯಿ ಬೇಕು ಅಂದರೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಕೊಳ್ಳಿ.

ಇಡ್ಲಿ, ದೋಸೆ ಹಿಟ್ಟು ಹುದುಗುವುದಿಲ್ಲ.

ಮೇಯಿಂದ ಸೆಪ್ಟೆಂಬರ್ ತನಕ ಐದಾರು ಗಂಟೆಗೇ ಉಕ್ಕಿ ಬರುತ್ತದೆ. ಎಚ್ಚರ ತಪ್ಪಿದರೆ ಹುಳಿ. ಕಷ್ಟ ಡಿಸೆಂಬರ್, ಜನವರಿಯಲ್ಲಿ. ದಕ್ಷಿಣ ಚೀನಾದ ಮನೆಗಳಲ್ಲಿ ಉತ್ತರದ ಹಾಗೆ ಹೀಟರ್ ವ್ಯವಸ್ಥೆ ಇಲ್ಲ, ಅಡುಗೆಮನೆ ಕೊರೆಯುತ್ತದೆ. ರೈಸ್ ಕುಕ್ಕರಿನಲ್ಲಿ ಮೊಸರು ಮಾಡುವ ಗುಂಡಿ ಇದ್ದರೆ ಅದನ್ನೇ ಒತ್ತಿ, ಎಂಟು ಗಂಟೆ ಬಿಡಿ. ಇಲ್ಲದಿದ್ದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಹಿಟ್ಟಿನ ಪಾತ್ರೆಯ ಪಕ್ಕ ಬಿಸಿನೀರಿನ ಬಾಟಲಿ ಇಟ್ಟು ಮುಚ್ಚಿ.

ಶುದ್ಧ ಸಸ್ಯಾಹಾರಿಗಳು ಹೊರಗೆ ತಿನ್ನಬಹುದಾ?

ತಿನ್ನಬಹುದು. ಆದರೆ ‘ಮಾಂಸ ಬೇಡ’ ಅಂತ ಅಷ್ಟೇ ಹೇಳಿದರೆ ಸಾಲದು. ಬರೀ ‘ರೋ’ ಅಂದರೆ ಇಲ್ಲಿ ಹಂದಿಮಾಂಸ. ಅದು ಬೇಡ ಅಂದರೆ ಒಳ್ಳೆಯ ಮನಸ್ಸಿನಿಂದ ಕೋಳಿ ಹಾಕಿಕೊಡುತ್ತಾರೆ. ಸೊಪ್ಪಿನ ಪಲ್ಯ ಕಣ್ಣಿಗೆ ಸಸ್ಯಾಹಾರವೇ, ಆದರೆ ಹುರಿದದ್ದು ಹಂದಿ ಕೊಬ್ಬಿನಲ್ಲಿ ಇರಬಹುದು, ಮೇಲೆ ಸಿಂಪಿ ಸಾಸ್ ಇರಬಹುದು, ರುಚಿಗೆ ಕೋಳಿ ಪುಡಿ ಇರಬಹುದು.

‘ವೊ ಛ ಸು’ ಅನ್ನಿ. ನಾನು ಸಸ್ಯಾಹಾರಿ ಅಂತ. ಅದರ ಜೊತೆಗೆ ಬೇಡ ಅನ್ನುವುದನ್ನು ಒಂದೊಂದಾಗಿ ಹೇಳಿ: ಜು ಯೋ (ಹಂದಿ ಕೊಬ್ಬು), ಹಾವ್ ಯೋ (ಸಿಂಪಿ ಸಾಸ್), ಜಿ ಜಿಂಗ್ (ಕೋಳಿ ಪುಡಿ), ರೋ ಮೊ (ಮಾಂಸದ ಚೂರು). ಚೀನೀ ಗೆಳೆಯರ ಕೈಲಿ ಇದನ್ನು ಒಂದು ಚೀಟಿಯಲ್ಲಿ ಬರೆಸಿ ಫೋನಿನ ಹಿಂದೆ ಸಿಕ್ಕಿಸಿಕೊಳ್ಳಿ.

ಎಲ್ಲ ಕಡೆ ಸಿಗುವ ಎರಡು ಪದಾರ್ಥ ಹೇಳುತ್ತೇನೆ. ‘ದಿ ಸಾನ್ ಶ್ಯೆನ್’ ಅಂದರೆ ಆಲೂಗಡ್ಡೆ, ಬದನೆ, ದೊಣ್ಣೆಮೆಣಸಿನಕಾಯಿ ಹುರಿದದ್ದು. ‘ಸ್ವಾನ್ ಲಾ ಥು ದೋ ಸ’ ಅಂದರೆ ಆಲೂಗಡ್ಡೆಯನ್ನು ಕಡ್ಡಿ ಕಡ್ಡಿಯಾಗಿ ಕೊಚ್ಚಿ ಹುಳಿ ಖಾರ ಹಾಕಿದ್ದು. ಮಾಪೋ ತೋಫು (ತೋಫು ಅಂದರೆ ಸೋಯಾ ಹಾಲಿನ ಪನೀರ್) ಹೆಸರು ಕೇಳಿ ಮೋಸ ಹೋಗಬೇಡಿ, ಅದಕ್ಕೆ ಮಾಂಸದ ಚೂರು ಹಾಕುತ್ತಾರೆ.

ನೆಮ್ಮದಿಯಾಗಿ ತಿನ್ನಬೇಕು ಅಂದರೆ ಬೌದ್ಧ ದೇವಸ್ಥಾನಗಳ ಹತ್ತಿರದ ಸಸ್ಯಾಹಾರಿ ಹೋಟೆಲ್‌ಗೆ ಹೋಗಿ. ದೇವಸ್ಥಾನದ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಇಲ್ಲಿನ ಎಷ್ಟೋ ಜನ ಮಾಂಸ ಬಿಡುತ್ತಾರೆ. ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ. ಆ ದಿನ ಈ ಹೋಟೆಲ್‌ಗಳಲ್ಲಿ ಜಾಗ ಸಿಗುವುದಿಲ್ಲ, ಬೇಗ ಹೋಗಿ.

ಹಂದಿ ತಿನ್ನದವರು, ಹಲಾಲ್ ಬೇಕಾದವರು?

‘ಛಿಂಗ್ ಜನ್’ ಅನ್ನುವ ಬೋರ್ಡ್ ನೋಡಿ. ಲಾಂಝೌ ಕೈನೂಡಲ್ಸ್ ಅಂಗಡಿಗಳು ಪ್ರತಿ ಊರಿನಲ್ಲೂ ಇವೆ, ಹೆಚ್ಚಿನವನ್ನು ಮುಸ್ಲಿಮರೇ ನಡೆಸುತ್ತಾರೆ. ಆದರೆ ಅಲ್ಲಿನ ಸಾರು ದನದ ಮೂಳೆಯದ್ದು. ಅದು ಆಗದವರು ಟೊಮೆಟೊ ಮೊಟ್ಟೆ ಹುರಿದ ನೂಡಲ್ಸ್ ಕೇಳಬಹುದು.

ಗೋಬಿ ಮಂಚೂರಿ ಸಿಗುತ್ತದಾ?

ಇಲ್ಲ. ಅದು ಭಾರತದಲ್ಲಿ ಹುಟ್ಟಿದ ತಿಂಡಿ, ಇಲ್ಲಿನವರಿಗೆ ಅದರ ಹೆಸರೂ ಗೊತ್ತಿಲ್ಲ. ಹೂಕೋಸು ಬೇಕಾದರೆ ‘ಗಾನ್ ಗ್ವೊ ಹ್ವಾ ತ್ಸೈ’ ಕೇಳಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಗರಿಗರಿಯಾಗಿ ಹುರಿದು, ಸಣ್ಣ ಉರಿಯ ಮೇಲೆ ಬಾಣಲೆ ಸಮೇತ ತಂದಿಡುತ್ತಾರೆ. ಹಂದಿಮಾಂಸದ ಚೂರು ಬೇಡ ಅಂತ ಮೊದಲೇ ಹೇಳಿ. ನನಗಂತೂ ಗೋಬಿ ಮಂಚೂರಿಗಿಂತ ಇದೇ ಇಷ್ಟ.

ಬೆಳಗಿನ ತಿಂಡಿಗೆ ಹೊರಗೆ ಏನು ತಿನ್ನಬಹುದು?

ಸೋಯಾ ಹಾಲು, ಎಣ್ಣೆಯಲ್ಲಿ ಕರಿದ ಉದ್ದನೆಯ ‘ಯೋ ತ್ಯಾವ್’. ಸೊಪ್ಪಿನ ಹೂರಣದ ಬಾವ್‌ಜ, ಅಂದರೆ ಉಗಿಯಲ್ಲಿ ಬೇಯಿಸಿದ ಬನ್. ಆದರೆ ನನ್ನ ಮನಸ್ಸು ಗೆದ್ದದ್ದು ‘ಛಾಂಗ್ ಫನ್’. ಅಕ್ಕಿ ಹಿಟ್ಟಿನ ನೀರುದೋಸೆಯಂಥ ಸಂಪಣವನ್ನು ತಟ್ಟೆಗೆ ಹುಯ್ದು, ಉಗಿಯಲ್ಲಿ ಒಂದೆರಡು ನಿಮಿಷ ಬೇಯಿಸಿ, ಕೆರೆದು ಸುರುಳಿ ಮಾಡಿ ಕೊಡುತ್ತಾರೆ. ಬರೀ ಮೊಟ್ಟೆಯದ್ದೋ ಸೊಪ್ಪಿನದ್ದೋ ಕೇಳಬಹುದು. ಅಕ್ಕಿ ನೂಡಲ್ಸ್ ನೋಡಿದರೆ ನಿಮಗೇ ಗೊತ್ತಾಗುತ್ತದೆ, ಅದು ನಮ್ಮ ಒತ್ತು ಶಾವಿಗೆಯ ತಂಗಿ. ಒಣ ನೂಡಲ್ಸ್ ಪೊಟ್ಟಣ ತಂದು ಬೇಯಿಸಿ ನಿಂಬೆಹಣ್ಣಿನ ಒಗ್ಗರಣೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಶಾವಿಗೆ ಚಿತ್ರಾನ್ನ.

ಮೀನು?

ಮಾರುಕಟ್ಟೆಯಲ್ಲಿ ಜೀವಂತ ಮೀನನ್ನೇ ತೊಟ್ಟಿಯಿಂದ ಎತ್ತಿ, ಶುಚಿ ಮಾಡಿ ಕೊಡುತ್ತಾರೆ. ಕೆರೆ ಮೀನು ಜಾಸ್ತಿ. ಸಮುದ್ರದ್ದು ಬೇಕಾದರೆ ಅಂಜಲ್‌ಗೆ ‘ಮಾ ಜ್ಯಾವ್’, ಮಾಂಜಿಗೆ ‘ಛಾಂಗ್ ಯ್ಯು’. ಕೊಂಕಣಿಗರು ಮೀನಿನ ಸಾರಿಗೆ ಹಾಕುವ ತೆಪ್ಪಳ ಇದೆಯಲ್ಲ, ಸಿಚುವಾನ್‌ನ ‘ಹ್ವಾ ಜ್ಯಾವ್’ ಅದರ ಹತ್ತಿರದ ಸಂಬಂಧಿ. ನಾಲಿಗೆ ಜುಮ್ಮೆನ್ನುವುದು ಅದೇ ಥರ. ನಮ್ಮ ಮನೆಯವರು ನಾಲ್ಕು ಕಾಳು ಜಜ್ಜಿ ಹಾಕಿ ತಮ್ಮ ಅಮ್ಮನ ಕೈರುಚಿ ಬಂತು ಅನ್ನುತ್ತಾರೆ.

ನಲ್ಲಿ ನೀರು ಕುಡಿಯಬಹುದಾ?

ಹಾಗೇ ಕುಡಿಯಬೇಡಿ. ಕುದಿಸಿ ಇಲ್ಲವೇ ಕ್ಯಾನ್ ತರಿಸಿ. ಹೋಟೆಲಿನಲ್ಲಿ ಬೇಸಿಗೆಯಲ್ಲೂ ಬಿಸಿನೀರೇ ಕೊಡುತ್ತಾರೆ.

ಡಬ್ಬಿಯಲ್ಲಿಟ್ಟ ಪುಡಿಗಳಿಗೆ ಬೂಷ್ಟು ಹಿಡಿಯುತ್ತಿದೆ.

ಫೆಬ್ರವರಿಯಿಂದ ಏಪ್ರಿಲ್ ತನಕ ಇಲ್ಲಿ ‘ಹ್ವೇ ನಾನ್ ಥ್ಯೆನ್’ ಅಂತ ಒಂದು ಹವೆ ಬರುತ್ತದೆ. ಚಳಿಗೆ ತಣ್ಣಗಾದ ಗೋಡೆಗೆ ದಕ್ಷಿಣದ ಬೆಚ್ಚನೆಯ ಒದ್ದೆ ಗಾಳಿ ತಗಲಿ, ಗೋಡೆ, 
ನೆಲ ಎಲ್ಲ ಬೆವರುತ್ತವೆ. ಆ ದಿನಗಳಲ್ಲಿ ಕಿಟಕಿ ತೆರೆಯಬೇಡಿ. ಸಾರಿನ ಪುಡಿ, ಹಪ್ಪಳ, ಬೆಲ್ಲ ಎಲ್ಲ ಫ್ರೀಜರ್‌ಗೆ ಹೋಗಲಿ. ಮೊದಲ ವರ್ಷ ಅಮ್ಮ ಕಳಿಸಿದ್ದ ಎರಡು ಕೆಜಿ ಹುಳಿ ಪುಡಿ ನಾನು ಹೀಗೇ ಕಳೆದುಕೊಂಡೆ.

ಚೀನೀ ಹೊಸ ವರ್ಷಕ್ಕೆ ಅಂಗಡಿ ಮುಚ್ಚುತ್ತಾರಂತೆ?

ಹೌದು. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಮಾರುಕಟ್ಟೆಯವರು ಊರಿಗೆ ಹೋಗುತ್ತಾರೆ, ಆನ್‌ಲೈನ್ ಸಾಮಾನು ಬರುವುದು ನಿಧಾನವಾಗುತ್ತದೆ. ಒಂದು ವಾರ, ಹತ್ತು ದಿನಕ್ಕೆ ಆಗುವಷ್ಟು ಅಕ್ಕಿ, ಬೇಳೆ, ಗೆಡ್ಡೆ ತರಕಾರಿ ಇಟ್ಟುಕೊಳ್ಳಿ.

ಚೀನೀಯರ ಜೊತೆ ಊಟಕ್ಕೆ ಕೂತಾಗ ಏನು ಗಮನಿಸಬೇಕು?

ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಸಿಕ್ಕಿಸಿ ಬಿಡಬೇಡಿ. ಸತ್ತವರಿಗೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ. ಗುವಾಂಗ್‌ಝೌನಲ್ಲಿ ಊಟಕ್ಕೆ ಮುಂಚೆ ಬಿಸಿ ಟೀಯಲ್ಲಿ ಬಟ್ಟಲು ತೊಳೆಯುತ್ತಾರೆ, ಆ ನೀರನ್ನು ಕುಡಿಯಬೇಡಿ. ಯಾರಾದರೂ ನಿಮ್ಮ ಬಟ್ಟಲಿಗೆ ಟೀ ಹಾಕಿದರೆ ಎರಡು ಬೆರಳಿನಿಂದ ಮೇಜು ಮೆಲ್ಲಗೆ ತಟ್ಟಿ. ಇಲ್ಲಿ ಥ್ಯಾಂಕ್ಸ್ ಹೇಳುವುದು ಹಾಗೆ.

ಅವರನ್ನು ಮನೆಗೆ ಕರೆದರೆ ಏನು ಮಾಡಿ ಬಡಿಸಲಿ?

ಚಪಾತಿ, ಟೊಮೆಟೊ ಸಾರು, ಬೂದುಗುಂಬಳದ ಮಜ್ಜಿಗೆ ಹುಳಿ, ಪಲಾವ್ ಇಷ್ಟಪಡುತ್ತಾರೆ. ಸಿಹಿಯಲ್ಲಿ ಸಕ್ಕರೆ ನಮ್ಮದಕ್ಕಿಂತ ಅರ್ಧ ಹಾಕಿ. ಹಸಿಯಾಗಿ ತಿನ್ನುವ ಪದಾರ್ಥ ಅವರಿಗೆ ಅಷ್ಟು ರೂಢಿ ಇಲ್ಲ. ಪಕ್ಕದ ಮನೆಯ ಪೋಪೋ, ಅಂದರೆ ಅಜ್ಜಿ, ನನ್ನನ್ನು ಲಿಫ್ಟಿನಲ್ಲಿ ಕಂಡಾಗಲೆಲ್ಲ ‘ಸಿಕ್ ಜೊ ಫಾನ್ ಮೇ?’ ಅಂತ ಕೇಳುತ್ತಾರೆ. ಊಟ ಆಯ್ತಾ ಅಂತ. ಒಂದು ರಾಮನವಮಿಗೆ ಅವರನ್ನು ಕರೆದಿದ್ದೆ. ಕೋಸಂಬರಿ ಬಟ್ಟಲು ಎತ್ತಿ ನೋಡಿ, ಹೆಸರುಬೇಳೆಯ ಒಂದು ಕಾಳು ಹಲ್ಲಲ್ಲಿ ಕಚ್ಚಿ, ‘ಇದು ಬೆಂದಿಲ್ವಲ್ಲ ಮಗು’ ಅಂದರು. ನೆನೆಸಿದ್ದು, ಬೇಯಿಸುವುದಿಲ್ಲ ಅಂದೆ. ನಂಬಿಕೆ ಬರಲಿಲ್ಲ, ಆದರೂ ಬಟ್ಟಲು ಖಾಲಿ ಮಾಡಿದರು. ಹೊರಡುವಾಗ ಸಾರನ್ನು ಒಂದು ಡಬ್ಬಿಗೆ ಹಾಕಿ ಕೊಟ್ಟೆ.

ಮಾರನೇ ದಿನ ಸಂಜೆ ಡಬ್ಬಿ ವಾಪಸ್ ಬಂತು. ಖಾಲಿ ಇರಲಿಲ್ಲ. ಹೆಸರುಕಾಳನ್ನು ಮೆತ್ತಗೆ ಬೇಯಿಸಿ ಪ್ಯೆನ್ ಥಾಂಗ್ ಹಾಕಿದ ಸಿಹಿ ಗಂಜಿ, ಇನ್ನೂ ಬಿಸಿಯಿತ್ತು. ‘ನಿನ್ನ ಕಾಳನ್ನು ಬೇಯಿಸಿ ತಂದಿದ್ದೇನೆ’ ಅಂದರು ಪೋಪೋ.